ಸಮುದ್ರಕ್ಕೆ ಸೇರಿದ ನೀರು

ನಮ್ಮ ಮಂಡ್ಯ ಜಿಲ್ಲೆಯ ದುದ್ದದ ಕಡೆಯಿಂದ ಕರಾವಳಿಗೆ ಹೊರಡುವ ಪ್ರವಾಸದ ಬಸ್ಸಿಗೆ ದಾರಿ ಹೇಳಿಕೊಡುವ ಅಗತ್ಯವಿಲ್ಲ. ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಮುರುಡೇಶ್ವರ. ನಡುವೆ ಎಲ್ಲಾದರೂ ಮರಳಿನ ಮೇಲೆ ಒಂದು ಗಂಟೆ. ಪ್ಯಾಂಟು ಮೊಣಕಾಲಿಗೆ ಮಡಚಿ ನೀರಿಗಿಳಿದು, ಫೋಟೊ ತೆಗೆಸಿಕೊಂಡು, ಮಕ್ಕಳ ಜೇಬಿನ ತುಂಬ ಕಪ್ಪೆಚಿಪ್ಪು ಹೊತ್ತು ವಾಪಸು. ಊರಲ್ಲಿ ಕೇಳಿದವರಿಗೆ ‘ಸಮುದ್ರ ನೋಡ್ಕಂಡ್ ಬಂದೋ’ ಅನ್ನುತ್ತೇವೆ. ಏನು ನೋಡಿದಿರಿ ಎಂದು ಒತ್ತಿ ಕೇಳಿದರೆ, ನೀರು.

ಇದರಲ್ಲಿ ತಪ್ಪೇನೂ ಇಲ್ಲ. ಕನ್ನಂಬಾಡಿಯ ಹಿನ್ನೀರನ್ನೇ ಸಮುದ್ರವೆಂದುಕೊಂಡು ಬೆಳೆದವರಿಗೆ ಆಚೆ ದಡವೇ ಇಲ್ಲದ ನೀರು ಕಂಡಾಗ ಆಗುವ ದಿಗ್ಭ್ರಮೆ ಸಣ್ಣದಲ್ಲ. ಆದರೆ ಅದು ಅರ್ಧ ಗಂಟೆಯ ದಿಗ್ಭ್ರಮೆ. ಒಂದು ಜಾಗ ‘ನೋಡತಕ್ಕದ್ದು’ ಆಗುವುದು ಅದರ ಚಂದದಿಂದಲೇ ಎಂದು ನಾನೂ ಬಹುಕಾಲ ನಂಬಿದ್ದೆ. ಈಗ ಹಾಗನ್ನಿಸುವುದಿಲ್ಲ. ನಾವು ಮನೆಯಿಂದ ಹೊತ್ತುಕೊಂಡು ಹೋದ ಯಾವುದೋ ಒಂದು ನಂಬಿಕೆಯನ್ನು ಅದು ಅಲ್ಲಾಡಿಸಬೇಕು. ಇಲ್ಲವಾದರೆ ಆ ಜಾಗ ಕ್ಯಾಲೆಂಡರಿನ ಚಿತ್ರವಾಗಿಯೇ ಉಳಿಯುತ್ತದೆ.

ಮಂಡ್ಯದವರು ಹೊತ್ತುಕೊಂಡು ಹೋಗುವ ನಂಬಿಕೆ ಯಾವುದು? ನಾಲೆಯ ನೀರಿನ ಸರದಿ ಕಾದು ಕೂತವರು ನಾವು. ‘ನೀರು ವ್ಯರ್ಥವಾಗಿ ಸಮುದ್ರ ಸೇರುತ್ತಿದೆ’ ಎಂಬ ಮಾತನ್ನು ಚಳವಳಿಯ ವೇದಿಕೆಯಿಂದ ಟೀ ಅಂಗಡಿಯವರೆಗೆ ಕೇಳುತ್ತಲೇ ಬೆಳೆದಿದ್ದೇವೆ. ಹೀಗಿರುವ ನಮ್ಮವರನ್ನು ಕುಮಟಾ ತಾಲ್ಲೂಕಿನ ಅಘನಾಶಿನಿಯ ಅಳಿವೆಯಲ್ಲಿ ಒಮ್ಮೆ ನಿಲ್ಲಿಸಬೇಕು. ಆ ನದಿಗೆ ಅಣೆಕಟ್ಟಿಲ್ಲ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಇಡೀ ನೀರನ್ನು ತಂದು ಸಮುದ್ರಕ್ಕೆ ಸುರಿಯುತ್ತದೆ. ನಮ್ಮ ಲೆಕ್ಕದಲ್ಲಿ ಪೂರ್ತಿ ನಷ್ಟ.

ಅಲ್ಲಿನವರ ಲೆಕ್ಕ ಬೇರೆ. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದಾಗ ಜನ ಕೆಸರಿಗಿಳಿದು ಬಳಚು ಎಂಬ ಚಿಪ್ಪುಮೀನು ಆಯುತ್ತಾರೆ. ಸೊಂಟ ಬಗ್ಗಿಸಿ, ಕೈಯಲ್ಲೇ ತಡಕಿ, ಬುಟ್ಟಿಗೆ ಹಾಕುತ್ತಾ ಸಾಗುವ ಆ ಕೆಲಸವನ್ನು ದೂರದಿಂದ ಕಂಡರೆ ನಮ್ಮ ಗದ್ದೆಯ ನಾಟಿಯ ನೆನಪಾಗುತ್ತದೆ. ಒಡ್ಡು ಹಾಕಿದ ಗಜನಿ ಗದ್ದೆಗಳಲ್ಲಿ ಉಪ್ಪು ನೀರನ್ನೂ ತಡೆದುಕೊಳ್ಳುವ ಕಗ್ಗ ಭತ್ತ. ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಮೀನು ಸಿಗಡಿಗಳ ಮರಿ. ಇವೆಲ್ಲ ಬದುಕಿರುವುದು ಸಿಹಿನೀರು ಹೋಗಿ ಉಪ್ಪು ನೀರಿಗೆ ಬೆರೆಯುವುದರಿಂದಲೇ. ಹಾಗೆಂದು ಕಾವೇರಿಯ ನೀರು ನಮಗೆ ಬೇಡವೆಂದು ನಾನು ಹೇಳುತ್ತಿಲ್ಲ. ಹೇಳಿದರೆ ಊರಿಗೆ ಮರಳುವುದು ಕಷ್ಟ. ಆದರೆ ‘ವ್ಯರ್ಥ’ ಎಂಬ ಪದವನ್ನು ಮಾತ್ರ ಮತ್ತೆ ಅಷ್ಟು ಸಲೀಸಾಗಿ ಬಳಸಲು ನನಗೆ ಆಗುತ್ತಿಲ್ಲ.

ಅಲ್ಲೇ ಸಮೀಪದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಭರತದ ನೀರನ್ನು ಒಳಗೆ ಬಿಟ್ಟುಕೊಂಡು, ಪಾತಿಯಿಂದ ಪಾತಿಗೆ ಹರಿಸುತ್ತಾ ಬಿಸಿಲಿಗೆ ಬಿಡುತ್ತಾರೆ. ತಳದಲ್ಲಿ ಹರಳುಗಟ್ಟಿದ ಉಪ್ಪನ್ನು ಉದ್ದ ಹಿಡಿಯ ಹಲಗೆಯಿಂದ ಎಳೆದು ಬದುವಿನ ಮೇಲೆ ರಾಶಿ ಹಾಕುತ್ತಾರೆ. ಬದು, ಪಾತಿ, ತೂಬು: ರೈತನಿಗೆ ಅದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ದಿನಾ ಉಪ್ಸಾರು ಉಣ್ಣುವ ನಾವು ಉಪ್ಪು ಸಹ ಒಂದು ಬೇಸಾಯ ಎಂದು ತಿಳಿಯಲು ಅಷ್ಟು ದೂರ ಹೋಗಬೇಕಾಯಿತು.

ಇನ್ನು ಇತಿಹಾಸ. ಕಡಲಿಗೂ ನಮಗೂ ಏನು ಸಂಬಂಧ ಎನ್ನುವವರಿಗೆ ಮಂಗಳೂರಿನ ಸುಲ್ತಾನ್ ಬತ್ತೇರಿ ತೋರಿಸಬೇಕು. ಫಲ್ಗುಣಿ ನದಿಯ ಮಗ್ಗುಲಲ್ಲಿ ನಿಂತಿರುವ ಕಲ್ಲಿನ ಕಾವಲು ಬುರುಜು ಅದು; ಗೋಡೆಯುದ್ದಕ್ಕೂ ಬಂದೂಕಿನ ಕಿಂಡಿಗಳು. ಶತ್ರುಗಳ ಹಡಗು ನದಿಯೊಳಗೆ ನುಗ್ಗದಿರಲೆಂದು 1784ರಲ್ಲಿ ಟಿಪ್ಪು ಕಟ್ಟಿಸಿದ್ದು. ಆ ಭಯಕ್ಕೆ ಕಾರಣವಿತ್ತು: 1780ರಲ್ಲಿ ಇಂಗ್ಲಿಷ್ ನೌಕಾಪಡೆ ಹೈದರನ ಹಡಗುಗಳನ್ನು ಮಂಗಳೂರಿನಲ್ಲೇ ನಾಶಮಾಡಿತ್ತು. 1796ರಲ್ಲಿ ಟಿಪ್ಪು ಹೊಸದಾಗಿ 40 ಯುದ್ಧನೌಕೆ ಕಟ್ಟಿಸುವ ಯೋಜನೆ ಹಾಕಿದ. ಆದೇಶ ಹೊರಟದ್ದು ಶ್ರೀರಂಗಪಟ್ಟಣದಿಂದ, ನಮ್ಮ ಜಿಲ್ಲೆಯಿಂದ. 1763ರಲ್ಲಿ ಬಿದನೂರು ಗೆದ್ದಾಗ ಮೈಸೂರಿಗೆ ಸಿಕ್ಕ ಆ ಕರಾವಳಿ 1799ರಲ್ಲಿ ಕಂಪನಿಯ ಪಾಲಾಯಿತು. ಮತ್ತೆ ನಮ್ಮದಾದದ್ದು 1956ರ ಏಕೀಕರಣದಲ್ಲಿ. ಈ ಮಾತು ಹೇಳುವವರಿಲ್ಲದಿದ್ದರೆ ಬತ್ತೇರಿ ಎಂದರೆ ತಣ್ಣೀರುಬಾವಿಯ ದೋಣಿಗೆ ಕಾಯುವ ಜಾಗ, ಅಷ್ಟೆ.

ಪ್ರವಾಸಿಗರನ್ನು ಸೆಳೆಯಲು ಇನ್ನೊಂದು ಪ್ರತಿಮೆ, ಇನ್ನೊಂದು ನೀರಾಟ ಬೇಕೆನ್ನುವವರ ವಾದ ನನಗೆ ಒಪ್ಪಿಗೆಯಿಲ್ಲ. ಕಾಸರಕೋಡು, ಪಡುಬಿದ್ರಿ ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು, ಒಳ್ಳೆಯದೇ. ಶೌಚಾಲಯ ಶುಚಿಯಾಗಿರುವುದು ಹೆಂಗಸರು ಮಕ್ಕಳೊಂದಿಗೆ ಹೋಗುವವರಿಗೆ ಸಣ್ಣ ವಿಷಯವಲ್ಲ. ಆದರೆ ಆ ಬಾವುಟ ಹೇಳುವುದು ಮರಳಿನ ಸ್ವಚ್ಛತೆಯನ್ನು, ಮರಳಿನ ಕತೆಯನ್ನಲ್ಲ.

ಆಗರ, ಅಳಿವೆಗಳನ್ನೂ ಪ್ರವಾಸಿಗರಿಗೆ ತೆರೆದರೆ ಅವೂ ಹಾಳಾಗುವುದಿಲ್ಲವೇ? ಈ ಆಕ್ಷೇಪ ಗಟ್ಟಿಯಾದದ್ದು. ಸಾವಿರ ಜನ ಬದುವಿನ ಮೇಲೆ ಓಡಾಡಿದರೆ ಉಪ್ಪೂ ಉಳಿಯದು, ಹಕ್ಕಿಯೂ ಉಳಿಯದು. ಉತ್ತರ ನಮ್ಮ ರಂಗನತಿಟ್ಟಿನಲ್ಲಿದೆ. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಆ ಜಾಗದಲ್ಲಿ ಇಂದಿಗೂ ಜನ ದೋಣಿಯಲ್ಲೇ ಕೂತು ನೋಡುತ್ತಾರೆ, ನಡುಗಡ್ಡೆಗೆ ಕಾಲಿಡುವುದಿಲ್ಲ. 2022ರಲ್ಲಿ ರಂಗನತಿಟ್ಟು ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿ ಸೇರಿತು, 2024ರಲ್ಲಿ ಅಘನಾಶಿನಿ. ಒಂದೇ ಪಟ್ಟಿಯ ಎರಡು ಹೆಸರುಗಳಿಗೆ ಒಂದೇ ಶಿಸ್ತು ಸಾಕು: ದೂರದಿಂದ ನೋಡುವುದು, ಕೆಲಸ ಮಾಡುವವರಿಗೆ ಅಡ್ಡ ಬರದಿರುವುದು, ವಿವರಿಸಿ ಹೇಳಿದ ಊರಿನವರಿಗೆ ಕೂಲಿ ಕೊಡುವುದು.

ಈ ವರ್ಷ ಶಾಲೆಯ ಪ್ರವಾಸಕ್ಕೆ ಪಟ್ಟಿ ಮಾಡುವ ಮೇಷ್ಟ್ರುಗಳಲ್ಲಿ ಒಂದೇ ಕೋರಿಕೆ. ಗೋಕರ್ಣಕ್ಕೆ ಹೇಗೂ ಹೋಗುತ್ತೀರಿ. ಹೆದ್ದಾರಿಯಿಂದ ತಿರುಗಿ ಹೋಗುವ ಆ ರಸ್ತೆಯಲ್ಲಿ ಸಾಣಿಕಟ್ಟೆಯ ಬಳಿ ಹತ್ತು ನಿಮಿಷ ಬಸ್ಸು ನಿಲ್ಲಿಸಿ. ಬೇಸಿಗೆಯಲ್ಲಾದರೆ ಉಪ್ಪು ಎಳೆಯುವುದು ಕಾಣುತ್ತದೆ. ಮಳೆಗಾಲದಲ್ಲಿ ಹೋದರೆ ಅಲ್ಲೂ ಬರೀ ನೀರು.