ಮುತ್ತು ರತ್ನದ ಊರಾಗ ಒಂದು ಸರಾನೂ ಕಾಣಲಿಲ್ಲ (ಹಂಪಿ ಟ್ರಿಪ್, ಭಾಗ 3)

ಹಿಂದಿನ ಪೋಸ್ಟ್‌ನಾಗ ಬಸ್ಸು, ಊಟ, ಹಾಡಿನ ಕತಿ ಬರ್ದಿದ್ದೆ. ಇವತ್ತಿಂದು ಸ್ವಲ್ಪ ಸೀರಿಯಸ್ಸು. ಉದ್ದನೂ ಐತಿ, ಆರಾಮ ಕುಂತು ಓದ್ರಿ.

ಮೊದಲನೇ ಫೋಟೋ ಕಮಲಾಪುರದ ಪುರಾತತ್ವ ಮ್ಯೂಸಿಯಂದು. ಒಳಗ ಹೋಗೋಕ್ಕಿಂತ ಮೊದಲು ನಮ್ಮ ಗುಂಪಿನಾಗ ಎಲ್ಲಾರ ಬಾಯಾಗೂ ಒಂದೇ ಮಾತು: "ಇಲ್ಲಿ ಮುತ್ತು ರತ್ನ ಸೇರಿನಾಗ ಅಳೆದು ಮಾರ್ತಿದ್ರಂತ." ಹಂಗಾದ್ರ ಒಳಗ ಒಂದು ಹಾರ, ಒಂದು ಹರಳಿನ ಉಂಗುರನಾದ್ರೂ ಕಾಣಬೇಕಲ್ಲ? ಕಂಡಿದ್ದು ಹೆಚ್ಚಾಗಿ ಕಲ್ಲಿನ ಮೂರ್ತಿ, ನಾಣ್ಯ, ನಡುವ ಹಂಪಿಯ ದೊಡ್ಡ ಮಾದರಿ. ಹೊರಗ ಬಂದ ಮೇಲೆ ಒಬ್ಬಾಕಿ "ಎಲ್ಲಾ ಲೂಟಿ ಹೊಡ್ಕೊಂಡು ಹೋದ್ರು ಬಿಡು" ಅಂದ್ಲು. ನಾನೂ ಹೂಂ ಅಂದೆ. ಆಮೇಲೆ ಯೋಚನೆ ಮಾಡಿದ್ರ ಆ ಉತ್ತರ ಭಾಳ ಸಸ್ತಾ ಅನ್ನಿಸ್ತು.

ಪ್ಯಾಟಿ ಇದ್ದದ್ದು ಸುಳ್ಳಲ್ಲ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಮುತ್ತು, ಮಾಣಿಕ್ಯ, ಪಚ್ಚೆ, ವಜ್ರ ಎಲ್ಲಾ ಬಜಾರಿನಲ್ಲಿ ಬಹಿರಂಗವಾಗಿ ಮಾರುತ್ತಿದ್ದರು ಅಂತ ಬರೆದಾನ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ದೊಮಿಂಗೊ ಪಾಯಸ್ ಕೂಡ ಅದನ್ನೇ ಹೇಳ್ತಾನ. (ನಾನು ಓದಿದ ಅನುವಾದದಾಗ ಸೇರಿನ ಮಾತು ಸಿಗಲಿಲ್ಲ. ಅದು ನಮ್ಮ ಬಾಯಾಗ ಬೆಳೆದದ್ದು ಇರಬೇಕು.) ವಜ್ರ ಸಿಗುತ್ತಿದ್ದದ್ದು ಪೂರ್ವಕ್ಕ, ಗುತ್ತಿ ಸೀಮಿಯಾಗ. ನೂನಿಜ್ ಅನ್ನೋ ಇನ್ನೊಬ್ಬ ಪೋರ್ಚುಗೀಸ್ ಬರೆದ ಪ್ರಕಾರ 20 ಮಂಜಾಡಿ ತೂಕ ದಾಟಿದ ವಜ್ರ ಸೀದಾ ರಾಜನಿಗೇ ಸೇರಬೇಕಿತ್ತು. ಅಂದ್ರ ಮಣ್ಣು ಸೋಸಿದ ಕೂಲಿ ಮನಿಶ್ಯಾ ಆ ದೊಡ್ಡ ಹರಳು ನೋಡಿದ್ದು ಅದೊಂದೇ ಸಲ. ಅವನ ಹೆಸರು ಯಾವ ಪುಸ್ತಕದಾಗೂ ಇಲ್ಲ.

1565ರ ಯುದ್ಧದ ಮೇಲೆ ಲೂಟಿ ಆದದ್ದು ಖರೆ. ಆದ್ರ ಎಲ್ಲಾನೂ ಹೋಗಿಲ್ಲ. ವಿರೂಪಾಕ್ಷನ ಬಂಗಾರದ ಮುಖವಾಡ ಸರ್ಕಾರಿ ಖಜಾನೆಯಾಗ ಇರ್ತೈತಿ, ತೇರಿನ ಹೊತ್ತಿಗೆ ಗುಡಿಗೆ ತರ್ತಾರ. ಅದೇ ಗುಡಿಯಾಗ ಕೃಷ್ಣದೇವರಾಯನ ಪಟ್ಟಾಭಿಷೇಕದ ಕಾಲದ ಶಾಸನ ಐತಿ, ಮೂರನೇ ಫೋಟೋ ನೋಡ್ರಿ. ದೇವರಿಗೆ ನವರತ್ನ ಕೂಡಿಸಿದ ಬಂಗಾರದ ಕಮಲ, ನಾಗಾಭರಣ ಕೊಟ್ಟದ್ದು ಅದರಾಗ ಕೊರೆದಾರ. ಯಾರು ಕೊಟ್ಟರು, ಏನು ಕೊಟ್ಟರು, ಯಾವಾಗ ಕೊಟ್ಟರು, ಎಲ್ಲಾ. ನಂಗ ಆ ಕಲ್ಲೇ ಬಂಗಾರಕ್ಕಿಂತ ದೊಡ್ಡದು ಕಂಡಿತು.

ಆಭರಣ ನೋಡಬೇಕು ಅನ್ನೋರಿಗೆ ನಮ್ಮ ಹೊಳಲಿನ ಕಡೀನೇ ಒಂದು ಜಾಗ ಐತಿ: ಕುರುವತ್ತಿ. ಜಾತ್ರಿಗೆ ಹೋದಾಗ ಮಿರ್ಚಿ ತಿಂದು ವಾಪಸ್ ಬರ್ತೀವಲ್ಲ, ಅದೇ ಕುರುವತ್ತಿ. ಮಲ್ಲಿಕಾರ್ಜುನ ಗುಡಿಯ ಬಾಗಿಲ ಮ್ಯಾಲೆ ಕುಣಿಯೋ ಭಂಗಿಯ ಹೆಣ್ಣುಮೂರ್ತಿಗಳು ಅದಾವ, ಕಲ್ಯಾಣ ಚಾಲುಕ್ಯರ ಕಾಲದವು. ಕತ್ತೆತ್ತಿ ಫೋನ್ ಝೂಮ್ ಮಾಡ್ರಿ. ಕೊರಳು, ತೋಳು, ಸೊಂಟ, ಕಾಲು, ಎಲ್ಲಾ ಕಡೆ ಒಡವಿ, ಮಣಿ ಎಣಿಸುವಷ್ಟು ನಾಜೂಕು. ಕಲ್ಲು ಕರಗಿಸಾಕ ಬರಂಗಿಲ್ಲ. ಅದಕ್ಕ ಉಳಿದಾವ.

ಈಗ ನಮ್ಮನಿ ಮಾತು. ನಮ್ಮ ಅಜ್ಜಿದು ಒಂದು ಬೆಳ್ಳಿ ಡಾಬು ಇತ್ತು. ನಾನು ಪಿಯುಸಿ ಸೇರೋ ವರ್ಷ ಮಳಿ ಕೈ ಕೊಟ್ಟಿತ್ತು, ಡಾಬು ಕರಗಿತು. ಅದಕ್ಕಿಂತ ಮುಂಚೆ ಬೋರಮಾಳ ಸರ ಬೋರ್‌ವೆಲ್ಲಿಗೆ ಹೋಗಿತ್ತಂತ. ಯಾವ ದಂಡೂ ಬಂದು ಲೂಟಿ ಹೊಡೀಲಿಲ್ಲ. ನನ್ನ ಫೀಸು ಕಟ್ಟಿದ್ದೇ ಆ ಡಾಬು, ಹಂಗಾಗಿ ಬೈಯಾಕ ನಂಗ ಬಾಯಿ ಇಲ್ಲ. ನಮ್ಮ ತಾಂಡಾದ ಗೆಳತ್ಯಾರ ಮನಿಯಾಗೂ ಇದೇ ಕತಿ. ಅವರ ಅಜ್ಜ್ಯಾರ ಘುಗ್ರಿ, ಟೋಪ್ಲಿ, ಕಾಲಿನ ಬೆಳ್ಳಿ ಒಂದೊಂದೇ ಹೋಗ್ಯಾವ.

"ಹಳೇ ಒಡವಿ ಕರಗಿಸಬ್ಯಾಡ್ರಿ, ಪರಂಪರೆ ಉಳಿಸ್ರಿ" ಅಂತ ರೀಲ್ಸ್ ಮಾಡೋರು ಮಾಡ್ಲಿ. ನಾನು ಹೇಳಂಗಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಒಡವಿ ಅಂದ್ರ ಬ್ಯಾಂಕು, ಕಷ್ಟಕ್ಕ ಆಗಲಿ ಅಂತಾನೇ ಮೈಮ್ಯಾಲೆ ಇಟ್ಕೊಂಡಿದ್ದು. ಕರಗಲಿ. ಆದ್ರ ಕರಗೋಕ್ಕಿಂತ ಮುಂಚೆ ಆ ಶಾಸನದಾಗ ಬರೆದಷ್ಟನ್ನಾದ್ರೂ ನಾವು ಬರ್ದಿಟ್ಕೋಬಹುದಲ್ಲ? ಒಡವಿ ಹೆಸರೇನು, ಯಾವ ಊರಿನ ಪತ್ತಾರ ಮಾಡಿದ್ದು, ಎಷ್ಟು ತೊಲಿ, ಯಾರು ಯಾರಿಗೆ ಹಾಕಿದ್ದು. ಮುಂದ-ಹಿಂದ ಎರಡು ಫೋಟೋ. ಡಿಗ್ರಿ ಓದೋ ನಮಗ ಇದು ಒಂದು ಭಾನುವಾರದ ಕೆಲಸ. ಒಂದೇ ಮಾತು: ಇನ್ನೂ ಮನಿಯಾಗ ಇರೋ ಒಡವಿ ಸ್ಟೋರಿಗೆ ಹಾಕಬ್ಯಾಡ್ರಿ, ಕಳ್ಳರೂ ಫಾಲೋವರ್ಸ್ ಇರ್ತಾರ. ನೋಟ್‌ಬುಕ್ಕಿನಾಗ ಇರಲಿ.

ಮೊನ್ನೆ ಅಜ್ಜಿನ ಕೇಳಿದೆ. ತೂಕ ತಟ್ಟನೆ ಹೇಳಿದ್ಲು, ನಲವತ್ತು ತೊಲಿ. ಕೊಂಡಿಯ ಚಿತ್ತಾರ ಏನಿತ್ತು ಅಂದ್ರ ಬೆರಳಿನಾಗ ನೆಲದ ಮ್ಯಾಲೆ ಬರೆಯಾಕ ಹೋಗಿ ನಿಂತ್ಲು. ನವಿಲೋ ಹಂಸೋ ನೆನಪಾಗವಲ್ದು ಅಂದ್ಲು. ಕೊನೇ ಫೋಟೋ ಆಕಿ ಹರೇದಾಗಿಂದು, ಮನಿಯಾಗ ಇರೋದು ಅದೊಂದೇ. ಡಾಬು ಇದ್ದಲ್ಲಿ ಸರಿಯಾಗಿ ನಮ್ಮಪ್ಪ ತೊಡಿಮ್ಯಾಲೆ ಕುಂತಾನ.