ಶ್ರೀಲಂಕಾ ಅಂತರ್ಯುದ್ಧದಲ್ಲಿ ರೈಲು ಮತ್ತು ರಸ್ತೆ ಸಾರಿಗೆ

ಶ್ರೀಲಂಕಾ ಸರ್ಕಾರ ಮತ್ತು ಎಲ್‌ಟಿಟಿಇ ನಡುವೆ 1983ರಿಂದ 2009ರವರೆಗೆ ನಡೆದ ಅಂತರ್ಯುದ್ಧದಲ್ಲಿ ದ್ವೀಪದ ಉತ್ತರಕ್ಕೆ ಹೋಗುವ ಸಾರಿಗೆ ಮಾರ್ಗಗಳು ನಿರ್ಣಾಯಕ ಪಾತ್ರ ವಹಿಸಿದವು. ಜಾಫ್ನಾ ಪರ್ಯಾಯ ದ್ವೀಪವನ್ನು ದಕ್ಷಿಣದೊಂದಿಗೆ ಬೆಸೆಯುವ ಮುಖ್ಯ ಭೂಮಾರ್ಗಗಳು ಎರಡು: ಉತ್ತರ ರೈಲು ಮಾರ್ಗ ಹಾಗೂ ಕ್ಯಾಂಡಿ–ಜಾಫ್ನಾ ಹೆದ್ದಾರಿ (ಎ9). ಎರಡೂ ಎಲಿಫೆಂಟ್ ಪಾಸ್ ಎಂಬ ಕಿರಿದಾದ ಭೂಸಂಧಿಯ ಮೂಲಕವೇ ಸಾಗುತ್ತವೆ. ಆದುದರಿಂದ ಈ ಪ್ರದೇಶದ ಮೇಲಿನ ಹಿಡಿತವು ಯುದ್ಧದ ಗತಿಯ ಮೇಲೆ ಪ್ರಭಾವ ಬೀರಿತು.

ರೈಲು ಮಾರ್ಗ

ಉತ್ತರ ರೈಲು ಮಾರ್ಗವು 1905ರಲ್ಲಿ ಪೂರ್ಣಗೊಂಡಿತು. 1956ರಲ್ಲಿ ಆರಂಭವಾದ 'ಯಾಳ್ ದೇವಿ' ರೈಲು ಕೊಲಂಬೊ ಮತ್ತು ಕಾಂಕೇಶನ್‌ತುರೈ ನಡುವೆ ಸಂಚರಿಸುತ್ತಿತ್ತು. 1985ರ ಜನವರಿಯಲ್ಲಿ ಮುರಿಕಂಡಿಯ ಬಳಿ ಈ ರೈಲಿನ ಮೇಲೆ ನಡೆದ ದಾಳಿಯಲ್ಲಿ ಸೈನಿಕರೂ ನಾಗರಿಕರೂ ಮೃತಪಟ್ಟರು. 1990ರಲ್ಲಿ ಜಾಫ್ನಾಕ್ಕೆ ರೈಲು ಸಂಚಾರ ಸ್ಥಗಿತವಾಯಿತು. ಕಾಲಕ್ರಮೇಣ ಹಳಿಗಳನ್ನೂ ಅವುಗಳ ಅಡಿಮರಗಳನ್ನೂ ಕಿತ್ತು ಬಂಕರ್‌ಗಳ ನಿರ್ಮಾಣಕ್ಕೆ ಬಳಸಲಾಯಿತು. 1996ರ ಜುಲೈನಲ್ಲಿ ಕೊಲಂಬೊ ಸಮೀಪದ ದೆಹಿವಲದಲ್ಲಿ ಪ್ರಯಾಣಿಕರ ರೈಲಿನೊಳಗೆ ನಡೆದ ಬಾಂಬ್ ಸ್ಫೋಟದಲ್ಲಿ 60ಕ್ಕೂ ಹೆಚ್ಚು ಜನರು ಸಾವಿಗೀಡಾದರು.

ಎ9 ಹೆದ್ದಾರಿ

1995ರ ಕೊನೆಯಲ್ಲಿ ಸೇನೆ ಜಾಫ್ನಾ ನಗರವನ್ನು ವಶಪಡಿಸಿಕೊಂಡರೂ ಭೂಮಾರ್ಗವು ಅದರ ಕೈಯಲ್ಲಿರಲಿಲ್ಲ. ಹೀಗಾಗಿ ಅಲ್ಲಿನ ಪಡೆಗಳಿಗೂ ನಾಗರಿಕರಿಗೂ ಸಾಮಗ್ರಿಗಳನ್ನು ಹಡಗು ಮತ್ತು ವಿಮಾನಗಳ ಮೂಲಕ ತಲುಪಿಸಬೇಕಾಯಿತು. ಹೆದ್ದಾರಿಯನ್ನು ತೆರೆಯಲೆಂದು 1997ರ ಮೇ ತಿಂಗಳಲ್ಲಿ ಆರಂಭಿಸಿದ 'ಜಯಸಿಕುರುಯಿ' ಕಾರ್ಯಾಚರಣೆಯು ಗುರಿ ಮುಟ್ಟದೆ 1998ರಲ್ಲಿ ಕೊನೆಗೊಂಡಿತು. 2000ರ ಏಪ್ರಿಲ್‌ನಲ್ಲಿ ಎಲಿಫೆಂಟ್ ಪಾಸ್ ಎಲ್‌ಟಿಟಿಇ ವಶವಾಯಿತು.

2002ರ ಕದನವಿರಾಮದ ನಂತರ ಹೆದ್ದಾರಿ ಸಾರ್ವಜನಿಕ ಸಂಚಾರಕ್ಕೆ ತೆರೆಯಿತು. ತನ್ನ ಹಿಡಿತದಲ್ಲಿದ್ದ ಭಾಗದ ಮೂಲಕ ಸಾಗುವ ಸರಕಿನ ಮೇಲೆ ಎಲ್‌ಟಿಟಿಇ ತೆರಿಗೆ ವಿಧಿಸುತ್ತಿದ್ದುದರಿಂದ ರಸ್ತೆಯು ಅದಕ್ಕೆ ಆದಾಯದ ಮೂಲವೂ ಆಯಿತು. 2006ರ ಆಗಸ್ಟ್‌ನಲ್ಲಿ ಮುಹಮಾಲೈ ಬಳಿ ಕಾಳಗ ಮರುಕಳಿಸಿದಾಗ ಹೆದ್ದಾರಿ ಮತ್ತೆ ಮುಚ್ಚಿತು. ಜಾಫ್ನಾದಲ್ಲಿ ಆಹಾರ, ಇಂಧನ ಮತ್ತು ಔಷಧಗಳ ಕೊರತೆ ತಲೆದೋರಿ ಬೆಲೆಗಳು ತೀವ್ರವಾಗಿ ಏರಿದವು. 2009ರ ಜನವರಿಯಲ್ಲಿ ಸೇನೆಯು ಕಿಲಿನೊಚ್ಚಿ ಹಾಗೂ ಎಲಿಫೆಂಟ್ ಪಾಸ್‌ಗಳನ್ನು ವಶಪಡಿಸಿಕೊಂಡ ಬಳಿಕವಷ್ಟೇ ಹೆದ್ದಾರಿಯು ಪೂರ್ಣವಾಗಿ ಸರ್ಕಾರದ ಹಿಡಿತಕ್ಕೆ ಬಂದಿತು.

ಪುನರ್ನಿರ್ಮಾಣ

ಭಾರತದ ಸಾಲದ ನೆರವಿನಿಂದ ಇರ್ಕಾನ್ ಸಂಸ್ಥೆಯು ರೈಲು ಮಾರ್ಗವನ್ನು ಮರುನಿರ್ಮಿಸಿತು. 2014ರ ಅಕ್ಟೋಬರ್‌ನಲ್ಲಿ ಜಾಫ್ನಾಕ್ಕೂ 2015ರ ಜನವರಿಯಲ್ಲಿ ಕಾಂಕೇಶನ್‌ತುರೈಗೂ ರೈಲು ಮರಳಿತು. ಇದೇ ಮಾರ್ಗದಲ್ಲಿ ನವೀಕರಿಸಲಾದ ಮಾಹೋ–ಓಮಂತೈ ಭಾಗವನ್ನು (128 ಕಿ.ಮೀ.) 2025ರ ಏಪ್ರಿಲ್ 6ರಂದು ಅನುರಾಧಪುರದಲ್ಲಿ ಭಾರತದ ಪ್ರಧಾನಿ ನರೇಂದ್ರ ಮೋದಿ ಮತ್ತು ಶ್ರೀಲಂಕಾದ ಅಧ್ಯಕ್ಷ ಅನುರ ಕುಮಾರ ದಿಸಾನಾಯಕೆ ಉದ್ಘಾಟಿಸಿದರು.

ಪರಿಣಾಮ

ಜಾಫ್ನಾ ನಗರವನ್ನು ಗೆದ್ದರೂ ಅಲ್ಲಿಗೆ ಹೋಗುವ ದಾರಿಯಿಲ್ಲದೆ ಆ ಗೆಲುವು ಅಪೂರ್ಣವಾಗಿತ್ತು ಎಂಬುದನ್ನು 1995ರ ನಂತರದ ವರ್ಷಗಳು ತೋರಿಸಿದವು. ದಾರಿ ಮುಚ್ಚಿದಾಗಲೆಲ್ಲ ಅದರ ಹೊರೆಯನ್ನು ಹೊತ್ತವರು ಮುಖ್ಯವಾಗಿ ಪರ್ಯಾಯ ದ್ವೀಪದ ತಮಿಳು ನಾಗರಿಕರು. ಮಾರ್ಗಗಳು ಮತ್ತೆ ತೆರೆದಿದ್ದರೂ ಅಧಿಕಾರ ವಿಕೇಂದ್ರೀಕರಣ, ಸೇನೆಯ ವಶದಲ್ಲಿರುವ ಭೂಮಿ ಹಾಗೂ ಕಾಣೆಯಾದವರ ಕುರಿತ ಬೇಡಿಕೆಗಳು ಉತ್ತರದಲ್ಲಿ ಇಂದಿಗೂ ಜೀವಂತವಾಗಿವೆ.