ಹೊಸ ಹೂವಿನ ಊರಿನಲ್ಲಿ

ಇಥಿಯೋಪಿಯದ ರಾಜಧಾನಿಯಾದ ಅಡಿಸ್ ಅಬಾಬದಲ್ಲಿ ಬೆಳಗಿನ ಏಳು ಗಂಟೆಯನ್ನು ಜನ ಒಂದು ಗಂಟೆಯೆನ್ನುತ್ತಾರೆ. ನಮ್ಮ ಪಂಚಾಂಗದವರು ಉದಯಾದಿ ಘಳಿಗೆಗಳನ್ನು ಲೆಕ್ಕ ಹಾಕುವಂತೆ ಅಲ್ಲಿಯವರೂ ಸೂರ್ಯೋದಯದಿಂದಲೇ ಹೊತ್ತನ್ನು ಎಣಿಸುವರು. ವರ್ಷಕ್ಕೆ ಹದಿಮೂರು ತಿಂಗಳು. ಅವರ ಶಕವೋ ಕ್ರಿಸ್ತಶಕಕ್ಕಿಂತ ಏಳೆಂಟು ವರ್ಷ ಹಿಂದೆ. ಕಾಲವನ್ನು ತನ್ನದೇ ಲೆಕ್ಕದಲ್ಲಿ ಅಳೆಯುವ ಈ ಊರು ಇಂದು ಓಡುತ್ತಿರುವ ವೇಗವನ್ನು ಕಂಡವರಿಗೆ ಬೆರಗಾಗದಿರದು.

ಮೆನೆಲಿಕನ ಪತ್ನಿ ತಾಯಿತು 1886ರಲ್ಲಿ ಬಿಸಿನೀರಿನ ಬುಗ್ಗೆಗಳ ಬಳಿ ನೆಲೆ ಮಾಡಿಸಿ 'ಹೊಸ ಹೂವು' ಎಂಬರ್ಥದ ಹೆಸರನ್ನಿಟ್ಟ ಊರಿದು. 2015ರಲ್ಲಿ ಅದರ ನಡುವೆ ವಿದ್ಯುತ್ ರೈಲು ಓಡಿತು. 2022ರಲ್ಲಿ 209 ಮೀಟರ್ ಎತ್ತರದ ಬ್ಯಾಂಕಿನ ಗೋಪುರ ತಲೆಯೆತ್ತಿತು. 2024ರಲ್ಲಿ ರಸ್ತೆಗಳನ್ನು ಅಗಲಗೊಳಿಸುವ ಮಹಾಯೋಜನೆ ಮೊದಲಾಗಿ, ಪಿಯಾಸಾದಂಥ ಹಳೆಯ ಪೇಟೆಗಳೇ ಗುದ್ದಲಿಗೆ ಸಿಕ್ಕವು.

ಈ ಗದ್ದಲದ ನಡುವೆಯೇ ಅಲ್ಲಿಯ ತರುಣ ತರುಣಿಯರು ತಮ್ಮ ಕೈಬುದ್ಧಿಯಿಂದ ಬಾಳು ಕಟ್ಟಿಕೊಳ್ಳುತ್ತಿರುವರು. ಜೆನೆಬೆವರ್ಕ್ ಎಂಬ ಬಡಕೇರಿಯಲ್ಲಿ ಹುಟ್ಟಿದ ಬೆತ್ಲೆಹೆಮ್ ತಿಲಾಹುನ್ ಅಲೆಮು, 2004ರಲ್ಲಿ ಬೆರಳೆಣಿಕೆಯ ಕೆಲಸಗಾರರನ್ನು ಕೂಡಿಕೊಂಡು 'ಸೋಲ್‌ರೆಬಲ್ಸ್' ಪಾದರಕ್ಷೆಗಳ ಉದ್ಯಮವನ್ನು ಆರಂಭಿಸಿದಳು. ಆ ಕೇರಿಯ ಪಕ್ಕದಲ್ಲೇ ಕುಷ್ಠರೋಗದ ಆಸ್ಪತ್ರೆ. ಅಲ್ಲಿಯವರೆಂದರೆ ಹೊರಗಿನವರು ಮೂಗು ಮುರಿಯುತ್ತಿದ್ದ ಕಾಲ. ಹಳೆಯ ಟಯರುಗಳನ್ನು ಕತ್ತರಿಸಿ ಚಪ್ಪಲಿ ಮಾಡುವುದು ಇಥಿಯೋಪಿಯದ ಬಡವರ ಹಳೆಯ ವಿದ್ಯೆ. ಅದೇ ಟಯರಿನ ಅಟ್ಟೆಗೆ ಕೈನೂಲಿನ ಬಟ್ಟೆಯನ್ನು ಹೊಂದಿಸಿ ಅವಳು ಪರದೇಶದ ಅಂಗಡಿಗಳಿಗೆ ಕಳುಹಿಸಿದಳು. ಸಮ್ರಾವಿತ್ ಫಿಕ್ರು ಎಂಬಾಕೆಯ ಕಥೆ ಬೇರೆ. ಕೆಲಸ ಮುಗಿಸಿ ರಾತ್ರಿ ಮನೆಗೆ ಮರಳಲು ಟ್ಯಾಕ್ಸಿಯವರೊಡನೆ ಚೌಕಾಶಿ, ಮೇಲೆ ಭಯ. ಹದಿನೇಳನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಕಂಪ್ಯೂಟರನ್ನು ಕಂಡ ಈ ಹೆಣ್ಣು 'ರೈಡ್' ಎಂಬ ಟ್ಯಾಕ್ಸಿ ವ್ಯವಸ್ಥೆಯನ್ನು ಹೂಡಿದಳು. ಅಂತರ್ಜಾಲವನ್ನು ನೆಚ್ಚಿ ಕೂರಲಾಗದ ಊರಾದುದರಿಂದ, ಬರಿಯ ಫೋನ್ ಕರೆಯಿಂದಲೂ ವಾಹನ ಬರುವಂತೆ ಏರ್ಪಡಿಸಿದ್ದು ಅವಳ ಜಾಣ್ಮೆ.

ಆದರೆ ಈ ನಗರದ ಸಿಹಿ ಕಹಿಗಳೆರಡನ್ನೂ ಒಟ್ಟಿಗೆ ಉಂಡವನೆಂದರೆ ನರ್ತಕ ಮೆಲಾಕು ಬೆಲಾಯ್. ಕಜಾಂಚಿಸ್ ಎಂಬ ಹಳೆಯ ಬಡಾವಣೆಯಲ್ಲಿ 'ಫೆಂಡಿಕಾ' ಎಂಬುದೊಂದು ಅಜ್ಮಾರಿ ಮನೆಯಿತ್ತು. ಅಜ್ಮಾರಿಗಳೆಂದರೆ ಮಸಿಂಕೊ ಎಂಬ ಒಂಟಿ ತಂತಿಯ ವಾದ್ಯವನ್ನು ನುಡಿಸುತ್ತ ಎದುರಿಗೆ ಕುಳಿತವರ ಮೇಲೆ ಆಗಿಂದಾಗಲೇ ಪದ ಕಟ್ಟಿ ಹಾಡುವ ಗಾಯಕರು. 'ಮೇಣ ಮತ್ತು ಚಿನ್ನ' ಎಂಬುದು ಅವರ ಕಾವ್ಯದ ಗುಟ್ಟು. ಅಕ್ಕಸಾಲಿಗನ ಎರಕದಲ್ಲಿ ಮೇಣ ಕರಗಿ ಚಿನ್ನ ಉಳಿಯುವಂತೆ, ಮೇಲಿನ ಅರ್ಥ ಕರಗಿದ ಮೇಲೆ ಒಳಗಿನ ಅರ್ಥ ಹೊಳೆಯಬೇಕು. ನಮ್ಮ ಶ್ಲೇಷಕವಿಗಳು ಕೇಳಿದ್ದರೆ ತಲೆದೂಗುತ್ತಿದ್ದರು. ಹೊಗಳಿಕೆಯೆಂದು ನಗುತ್ತ ಕಾಸು ಕೊಟ್ಟ ಧನಿಕನಿಗೆ ತಾನು ಬೈಸಿಕೊಂಡೆನೆಂಬುದು ಮನೆ ಮುಟ್ಟಿದ ಮೇಲೆ ತಿಳಿದರೂ ತಿಳಿಯಬಹುದು!

ಬೀದಿಯಲ್ಲಿ ಬೆಳೆದ ಹುಡುಗ ಮೆಲಾಕು ಆ ಮನೆಗೆ ಬಂದು, ಭುಜಗಳನ್ನು ಮಿಂಚಿನಂತೆ ಕುಣಿಸುವ ಎಸ್ಕಿಸ್ತಾ ನೃತ್ಯವನ್ನು ಆಡಿ, ನೋಡಿದವರು ಕೊಟ್ಟ ಚಿಲ್ಲರೆಯಲ್ಲಿ ಹೊಟ್ಟೆ ಹೊರೆದನು. ಸಂಬಳವಿಲ್ಲ, ರಾತ್ರಿ ಮಲಗಲು ಪಾನಗೃಹದ ಹಲಗೆಯಡಿಯೇ ಜಾಗ. ಹೀಗೆ ವರ್ಷಗಳು ಕಳೆದವು. 2008ರಲ್ಲಿ ಆ ಮನೆಯ ಆಡಳಿತವೇ ಅವನ ಕೈಗೆ ಬಂದಿತು. ಆಗ ಅವನು ಅದನ್ನು ಬರಿಯ ಪಾನಗೃಹವಾಗಿರಗೊಡಲಿಲ್ಲ. ತರುಣ ಚಿತ್ರಕಾರರಿಗೆ ಗೋಡೆ ಕೊಟ್ಟನು, ಕವಿಗಳಿಗೆ ಸಂಜೆಗಳನ್ನು ಕೊಟ್ಟನು, ಜಾಜ್ ವಾದ್ಯಗಾರರಿಗೂ ಎಡೆ ಮಾಡಿದನು. 'ಇಥಿಯೋಕಲರ್' ಎಂಬ ತನ್ನ ಮೇಳವನ್ನು ಕಟ್ಟಿಕೊಂಡು ಯುರೋಪು ಅಮೆರಿಕಗಳನ್ನೂ ಸುತ್ತಿ ಬಂದನು.

2024ರ ಕೊನೆಯ ತಿಂಗಳುಗಳಲ್ಲಿ ಕಜಾಂಚಿಸಿನ ಸರದಿ ಬಂದಿತು. ತಲೆತಲಾಂತರದಿಂದ ಒತ್ತಾಗಿ ಬಾಳಿದ ಕುಟುಂಬಗಳು ನಗರದ ಅಂಚಿಗೆ ಸಾಗಿದವು. ಯೋಜನೆಯನ್ನು ಒಪ್ಪುವವರ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ಆ ಬಗೆಯ ಕೇರಿಗಳಲ್ಲಿ ತಗಡಿನ ಮಾಡು, ಮಣ್ಣಿನ ಗೋಡೆ, ಹಲವು ಮನೆಗಳಿಗೊಂದು ಶೌಚಾಲಯ. ಇದನ್ನು ಹಾಗೆಯೇ ಉಳಿಸಿರೆಂದು ಅಲ್ಲಿ ಬಾಳದವನು ಹೇಳುವುದು ಸುಲಭ. ಆದರೂ ಹುಡುಗನೊಬ್ಬ ಚಿಲ್ಲರೆಗಾಗಿ ಕುಣಿಯುತ್ತ ಕಲಾವಿದನಾಗಬಲ್ಲ ಮೂಲೆಯನ್ನು ಯಾವ ನಕ್ಷೆಗಾರ ತನ್ನ ನಕ್ಷೆಯಲ್ಲಿ ಬರೆದುಕೊಟ್ಟಾನು?

ಹಳೆಯ ಫೆಂಡಿಕಾ ನೆಲಸಮವಾಯಿತು. ಮೆಲಾಕು ಕುಣಿತವನ್ನು ಬಿಡಲಿಲ್ಲ. ಅದೇ ಹೆಸರನ್ನು ಹೊತ್ತು ನಗರದ ದೊಡ್ಡ ಹೋಟೆಲೊಂದರಲ್ಲಿ ಅವನ ಮೇಳ ಮತ್ತೆ ನೆಲೆ ಕಂಡುಕೊಂಡಿತು. ಅಜ್ಮಾರಿಗಳು ಈಗ ಪದ ಕಟ್ಟುವುದು ಅಲ್ಲಿಗೆ ಬರುವ ಅತಿಥಿಗಳ ಮೇಲೆ.